ಉಡಿ ತುಂಬಿದ ಫೋಟೊ

ಖಡಕಿ, ಪುಣೆ
೧೪ ನವೆಂಬರ್ ೨೦೨೪

ಪ್ರೀತಿಯ ಮುಕ್ತಾ,

ಆರಾಮ ಇದ್ದೀಯಾ ಎಂದು ಕೇಳುವುದಿಲ್ಲ. ಫೋನು ಮಾಡಿದರೆ ನೀನು ಅಳುತ್ತೀ, ನಾನು ಸಮಾಧಾನ ಮಾಡಬೇಕು. ಇವತ್ತು ಅಷ್ಟು ತ್ರಾಣವಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ನಿನ್ನೆ ಕಾರ್ಮಿಕ ನ್ಯಾಯಾಲಯದ ತೀರ್ಪು ಬಂತು. ಸೋತೆ. ಕಂಪನಿ ನನ್ನನ್ನು ತೆಗೆಯಲೇ ಇಲ್ಲವಂತೆ, ನಾನೇ ಖುಷಿಯಿಂದ ಕೆಲಸ ಬಿಟ್ಟೆನಂತೆ. ನಮ್ಮ ವಕೀಲ ದೇವದಾಸ್ ಅವರು ಮೇಲಿನ ಕೋರ್ಟಿಗೆ ಹೋಗೋಣ ಎಂದರು. ತಲೆಯಾಡಿಸಿದೆ. ಹೊರಗೆ ಚಹಾ ಕುಡಿದೆ, ಬಸ್ಸು ಹಿಡಿದು ಮನೆಗೆ ಬಂದೆ, ಮೆಂತೆ ಪಲ್ಲೆ ಸೋಸಿದೆ. ಸಿಟ್ಟು ಬರಬೇಕಿತ್ತಲ್ಲವೇ? ಬರಲಿಲ್ಲ. ಊಟ ಮಾಡಿದ್ದು ನೆನಪಿದೆ, ರುಚಿ ನೆನಪಿಲ್ಲ.

ಎಲ್ಲಾ ಆ ಒಂದು ಫೋಟೊದಿಂದ. ರಾಂಜಣಗಾಂವದ ಫ್ಯಾಕ್ಟರಿಯ ಪ್ಯಾಕಿಂಗ್ ವಿಭಾಗದಲ್ಲಿ ನನ್ನ ಕೊನೆಯ ದಿನವನ್ನು ನೀನು ಮರೆತಿರಲಾರೆ. ರಾತ್ರಿ ಪಾಳಿ ಮುಗಿಸಿದ ಹೆಂಗಸರನ್ನು ಹೆದ್ದಾರಿಯಲ್ಲಿ ಇಳಿಸಬೇಡಿ, ಮನೆಯ ತನಕ ಬಿಡಿ ಎಂದು ಕೇಳಿದ್ದೇ ನನ್ನ ತಪ್ಪಾಯಿತು. ಬೆಳಿಗ್ಗೆ ಮ್ಯಾನೇಜರ್ ಕ್ಯಾಬಿನ್ನಿಗೆ ಕರೆದು, ನಾಳೆಯಿಂದ ಬರಬೇಡ ಎಂದು ಮರಾಠಿಯಲ್ಲಿ ಬಾಯಿಮಾತಿನಲ್ಲೇ ಮುಗಿಸಿದ. ಮಗಳು ಹುಟ್ಟುವ ಮೊದಲಿನಿಂದ ಇದ್ದ ಕೆಲಸ! ಸಂಜೆ ಊಟದ ಡಬ್ಬಿ ಎತ್ತಿಕೊಂಡು ಹೊರಟವಳನ್ನು ನೀನು ತಡೆದು ನಿಲ್ಲಿಸಿದೆ.

"ಮುತ್ತೈದಿ ಅದೀ, ಖಾಲಿ ಉಡೀಲೆ ಹೋಗಬ್ಯಾಡ" ಅಂದೆ.

ಮಧ್ಯಾಹ್ನದ ಬಿಡುವಿನಲ್ಲೇ ಹೋಗಿ ಕಾಯಿ, ಅಕ್ಕಿ, ಹಸಿರು ಖಣ ತಂದಿಟ್ಟಿದ್ದೆ ನೀನು. ಕುಂಕುಮ ಹಚ್ಚಿ ಉಡಿ ತುಂಬಿದೆ. ಈ ಹೊತ್ತಿನಲ್ಲಿ ಅಳಬಾರದು ಎಂದು ಗದರಿದೆ. ಅದಕ್ಕೇ ನಾನು ನಕ್ಕೆ. ಪಕ್ಕದ ಟೇಬಲ್ಲಿನ ಹರ್ಷದಾ ಮೊಬೈಲಿನಲ್ಲಿ ಹಿಡಿದು ಎಲ್ಲರ ಗ್ರೂಪಿಗೆ ಹಾಕಿದಳು. ಅದಕ್ಕೆ ನಾನೇ ಒಂದು ಕೆಂಪು ಹೃದಯ ಬೇರೆ ಒತ್ತಿದ್ದೆ, ಹುಚ್ಚಿ.

ಕಂಪನಿಯ ವಕೀಲ ಅದನ್ನೇ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಕೋರ್ಟಿಗೆ ತಂದ. ಬೀಳ್ಕೊಡುವಾಗ ಉಡಿ ತುಂಬಿದ್ದು ನೀವೇನಾ ಎಂದು, ಕಂಪನಿಯ ಸಾಕ್ಷಿಯಾಗಿ ನಿಂತಿದ್ದ ನಿನ್ನನ್ನು ಕೇಳಿದ. ಹೌದೆಂದೆ. ಇವರು ನಗುತ್ತಿದ್ದರಾ ಎಂದ. ಹೌದೆಂದೆ. ಮ್ಯಾನೇಜರ್ ಇವರನ್ನು ತೆಗೆದದ್ದು ಸ್ವತಃ ಕೇಳಿದಿರಾ ಎಂದ. ಇಲ್ಲವೆಂದೆ. ಅದೂ ಖರೆ, ಕ್ಯಾಬಿನ್ನಿನಲ್ಲಿ ನೀನಿರಲಿಲ್ಲ. ಒಂದೂ ಸುಳ್ಳು ಹೇಳಲಿಲ್ಲ ನೀನು, ಅದು ನಿನ್ನ ಹಳೆಯ ರೋಗ. ಸುಳ್ಳು ಹೇಳಿದ್ದರೆ ಬೈದು ಹಗುರಾಗುತ್ತಿದ್ದೆ. ಕಟಕಟೆ ಇಳಿದು ನನ್ನ ಕಡೆ ನೋಡದೆ ಹೋದೆಯಲ್ಲ, ಅದೊಂದಕ್ಕೆ ನೋವಾಯಿತು.

ಆ ಕೆಲಸ ಮತ್ತೆ ಸಿಗುತ್ತದೆಂಬ ಆಸೆ ಎಂದೋ ಹೋಗಿತ್ತು. ಇವಳನ್ನು ಹೊರಹಾಕಿದರು ಎಂದು ಯಾರಾದರೊಬ್ಬರು ಬರೆದು ಸಹಿ ಮಾಡಿ ಕೊಡಬೇಕಿತ್ತು, ನನಗೆ ಅಷ್ಟೇ ಸಾಕಿತ್ತು. ನಾನಾಗಿ ಬಿಟ್ಟು ಬರಲಿಲ್ಲ, ಮುಕ್ತಾ. ನಿನಗೆ ಗೊತ್ತಿದೆ.

ಮಗಳಿಗೆ ಇನ್ನೂ ಹೇಳಿಲ್ಲ. ಆ ಖಣದ ಕುಬಸ ಹೊಲಿಸಿಲ್ಲ, ಟ್ರಂಕಿನಲ್ಲಿದೆ. ಉಳಿದಂತೆ ಆರಾಮ ಇದ್ದೇನೆ.

ಇಂತಿ, ನೀನು ಕಳಿಸಿಕೊಟ್ಟ
ಮಾಧುರಿ

ತಾ.ಕ.: ಪತ್ರ ಮಡಚುವಷ್ಟರಲ್ಲಿ ಹರ್ಷದಾ ಫೋನು ಮಾಡಿದಳು. ನಿನ್ನ ಸಾಕ್ಷಿಯ ಕೆಲಸ ಮುಗಿಯಿತಲ್ಲ, ಈ ತಿಂಗಳು ಮುಗಿದ ಮೇಲೆ ನಿನಗೂ ಬರಬೇಡ ಅಂದರಂತೆ, ಬಾಯಿಮಾತಿನಲ್ಲೇ. ಕೊನೆಯ ದಿನ ಯಾರಾದರೂ ಕಾಯಿ ಹಿಡಿದು ಬಂದರೆ ಸೆರಗು ಒಡ್ಡಬೇಡ. ನಗಬೇಡ. ಖಾಲಿ ಉಡಿಯಲ್ಲೇ ಗೇಟು ದಾಟಿ ಸೀದಾ ನನ್ನ ಮನೆಗೆ ಬಾ. ಖಣ ಹಾಗೇ ಇದೆ, ನಾನು ತುಂಬುತ್ತೇನೆ. ಇಲ್ಲಿ ಅಳಬಹುದು.