ಎತ್ತಿನ ಗೆಜ್ಜೆ

ದಾವಣಗೆರೆ
೧೨-೨-೧೯೬೩

ಅವ್ವನಿಗೆ ನೀಲಾಳ ನಮಸ್ಕಾರ.

ನಾನು ಚೆನ್ನಾಗಿದ್ದೇನೆ. ನೀನು ಕೊಟ್ಟ ಚಟ್ನಿಪುಡಿ ಮುಗಿದಿದೆ, ಬರುವಾಗ ತಾ. ಬರಲೇಬೇಕು. ಈ ಭಾನುವಾರ ಸಂಜೆ ನನ್ನ ಶಿಷ್ಯೆಯರ ನೃತ್ಯವಿದೆ. ಕೊನೆಯಲ್ಲಿ ನಾನೂ ಕುಣಿಯುತ್ತೇನೆ, ನಾನೇ ಕಟ್ಟಿದ ಹೊಸ ನೃತ್ಯ. ಅದರಲ್ಲಿ ರಾಧೆ, ಕೃಷ್ಣ ಯಾರೂ ಇಲ್ಲ. ಹೊಳೆಯಲ್ಲಿ ಬಟ್ಟೆ ಒಗೆಯುವ ಹೆಂಗಸೊಬ್ಬಳಿದ್ದಾಳೆ. ಅವಳು ಸೊಂಟಕ್ಕೆ ಸೆರಗು ಸಿಕ್ಕಿಸುವ ರೀತಿ ನಿನ್ನದೇ. ಬೈಯುವುದಿದ್ದರೆ ನೋಡಿದ ಮೇಲೆ ಬೈ.

"ನಮ್ಮ ಹುಡುಗಿ ಸ್ಕೂಲಲ್ಲಿ ಡ್ರಿಲ್ ಹೇಳ್ಕೊಡ್ತಾಳೆ" ಎಂದು ಓಣಿಯವರಿಗೆಲ್ಲ ಹೇಳಿದ್ದೀಯಲ್ಲ, ಇನ್ನು ಅದು ನಡೆಯುವುದಿಲ್ಲ. ನೃತ್ಯದ ಹ್ಯಾಂಡ್‌ಬಿಲ್‌ನಲ್ಲಿ ನನ್ನ ಹೆಸರಿನ ಪಕ್ಕ ನಮ್ಮೂರ ಹೆಸರು, ಹರಿಹರ ಎಂದು ಅಚ್ಚಾಗಿದೆ. ನಾನೇ ಹಾಕಿಸಿದೆ.

ನನ್ನ ಗೆಜ್ಜೆಯನ್ನು ಸಿದ್ದೀಕಾ ಎಂಬ ಶಿಷ್ಯೆಗೆ ಕೊಟ್ಟಿದ್ದೇನೆ. ಅವಳ ತಾಯಿ ದಿನವೂ ಬಾಗಿಲಲ್ಲಿ ಕೂತು ಮಗಳು ಕುಣಿಯುವುದನ್ನು ನೋಡುತ್ತಾರೆ. "ನಿಮ್ಮವ್ವ ಯಾವಾಗ ಬರ್ತಾರ್ರಿ?" ಎಂದು ನಿನ್ನೆ ಕೇಳಿದರು. ಭಾನುವಾರ ಎಂದುಬಿಟ್ಟೆ.

ಮನೆಯ ಅಟ್ಟದಲ್ಲಿರುವ ನನ್ನ ಹಳೆಯ ಗೆಜ್ಜೆ ತಾ. ದೀಪಾವಳಿಗೆ ನಾವಿಬ್ಬರೂ ಅದನ್ನು ಬಸ್ಸಿನಲ್ಲಿ ಊರಿಗೆ ಒಯ್ಯುವಾಗ ಚೀಲ ಸದ್ದು ಮಾಡಿತು, ನೆನಪಿದೆಯಾ? "ಎತ್ತಿನ ಗೆಜ್ಜೆ ಏನವ್ವಾ?" ಎಂದ ಕಂಡಕ್ಟರ್. "ಹೂಂ, ಎತ್ತಿಂದೇ" ಅಂದೆ ನೀನು. ನಮ್ಮ ಮನೆಯಲ್ಲಿ ಎತ್ತು ಎಲ್ಲಿದೆ? ನಾನು ಕಿಟಕಿಯ ಕಡೆ ತಿರುಗಿ ಕೂತೆ.

ಸದ್ದಾಗದಿರಲಿ ಎಂದು ಚೀಲಕ್ಕೆ ಬಟ್ಟೆ ತುರುಕಬೇಡ. ಈ ಸಲವೂ ಯಾರಾದರೂ ಕೇಳುತ್ತಾರೆ. ನನ್ನ ಮಗಳವು ಅನ್ನು.

ನಿನ್ನ
ನೀಲಾ