ಎತ್ತರದಿಂದ ಬಿದ್ದ ಅನ್ನ

ದೇವದುರ್ಗ ಬಸ್ ನಿಲ್ದಾಣ
೧೨ ಡಿಸೆಂಬರ್ ೨೦೨೪

ಐಶ್ವರ್ಯಳ ಅಪ್ಪನಿಗೆ ಯಶೋದಾಳ ನಮಸ್ಕಾರಗಳು.

ಹೇಗಿದ್ದೀರಿ? ಗಡಿಯಲ್ಲಿ ಹಿಮ ಬೀಳಲು ಶುರುವಾಗಿದೆ ಎಂದು ಕಳೆದ ಸಲ ಹೇಳಿದ್ದಿರಿ. ಕೆಮ್ಮು ಕಡಿಮೆಯಾಯಿತೇ? ಹಸಿ ಕಾಲುಚೀಲ ಹಾಕಿಕೊಳ್ಳಬೇಡಿ. ಇಲ್ಲಿ ಎಲ್ಲರೂ ಆರೋಗ್ಯ. ಫೋನ್ ಬಿಟ್ಟು ಕಾಗದವೇಕೆ ಎನ್ನಬೇಡಿ. ನೀವು ಫೋನ್ ಮಾಡಿದಾಗಲೆಲ್ಲ ಅತ್ತೆ ಪಕ್ಕದಲ್ಲೇ ಕೂತಿರುತ್ತಾರೆ, ಈ ಮಾತು ಅವರ ಬಗ್ಗೆಯೇ.

ನಾನು ಪಾಠ ಮಾಡುವ ಶಾಲೆಯಲ್ಲೇ ಅವರು ಬಿಸಿಯೂಟ ಬಡಿಸುತ್ತಾರಲ್ಲ, ಅಲ್ಲಿ ಐದನೇ ತರಗತಿಯ ಮೌನೇಶ್ವರಿ ದೀಪಾವಳಿಯ ನಂತರ ಊಟಕ್ಕೆ ಕೂರುವುದನ್ನು ಬಿಟ್ಟಳು. ಆಮೇಲೆ ಶಾಲೆಯನ್ನೇ ಬಿಟ್ಟಳು. ಮಾದಿಗರ ಓಣಿಯ ಬಸ್ಸಮ್ಮನ ಮಗಳು. ಬಸ್ಸಮ್ಮ ನನ್ನ ಬಳಿ ಬಂದು, "ಟೀಚರಮ್ಮಾ, ನಮ್ಮ ಹುಡುಗಿ ತಾಟಿಗೆ ಸೌಟು ತಾಗಬಾರ್ದಂತ ನಿಮ್ಮತ್ತಿ ಮ್ಯಾಲಿಂದ ಅನ್ನ ಒಗೀತಾರಂತ. ನೆಲಕ್ಕ ಬಿದ್ದದ್ದು ಆರಿಸ್ಕೊಂಡು ಉಣ್ಣಂಗಿಲ್ಲ ಅಂತಾಳ. ನೀವು ನೋಡಿಲ್ಲೇನ್ರೀ?" ಎಂದಳು. ಮೂರು ವರ್ಷದಿಂದ ನೋಡುತ್ತಲೇ ಇದ್ದೆ. ಇಲ್ಲ ಎಂದುಬಿಟ್ಟೆ.

ಆ ಭಾನುವಾರ ಐಶ್ವರ್ಯ ಅಂಗಳದಲ್ಲಿ ಬೊಂಬೆಗಳಿಗೆ ಉಸುಕಿನ ಅನ್ನ ಬಡಿಸುತ್ತಿದ್ದಳು. ಒಂದು ಬೊಂಬೆಯನ್ನು ದೂರ ಕೂರಿಸಿ, ಅದಕ್ಕೆ ಮಾತ್ರ ಎದ್ದು ನಿಂತು ಮೇಲಿನಿಂದ ಸುರಿದಳು. ಯಾಕೆ ಎಂದರೆ, "ಅಕಿ ಆ ಓಣಿಯಾಕಿ ಯವ್ವಾ" ಎಂದಳು. ಆರು ವರ್ಷದ ನಿಮ್ಮ ಮಗಳು.

ಮರುದಿನವೇ ಬಸ್ಸಮ್ಮನ ಮನೆಗೆ ಹೋಗಿ ಶಿಕ್ಷಣಾಧಿಕಾರಿಗೆ ಅರ್ಜಿ ಬರೆದುಕೊಟ್ಟೆ. ಹೊಸ ಕಾನೂನೇನೂ ಬೇಕಾಗಿರಲಿಲ್ಲ. ಶಿಕ್ಷಣ ಹಕ್ಕು ಕಾಯ್ದೆಯಲ್ಲಿ, ಹಿಂದುಳಿದ ಮಗುವಿಗೆ ಶಾಲೆಯಲ್ಲಿ ಭೇದ ಮಾಡಬಾರದೆಂದು ಎಂಟನೆಯ ಕಲಮಿನಲ್ಲೇ ಇದೆ. ಟಿಇಟಿ ಪರೀಕ್ಷೆಗೆ ಅದನ್ನು ಬಾಯಿಪಾಠ ಮಾಡಿದ್ದೆ. ಬಸ್ಸಮ್ಮ ಹೆಬ್ಬೆಟ್ಟು ಒತ್ತಿದಳು.

ಸೋಮವಾರ ವಿಚಾರಣೆಗೆ ಅಧಿಕಾರಿ ಬರುತ್ತಾರೆ. ಹೆಡ್‌ಮಾಸ್ತರ ಗಡಿಗೆಪ್ಪನವರು ನನ್ನನ್ನು ಕರೆದು, "ಅರ್ಜಿ ಅಕ್ಷರ ಯಾರವು ಅಂತ ನನಗ ಗೊತ್ತದ, ಟೀಚರ್. ಬರೂ ವರ್ಷದ ಅತಿಥಿ ಶಿಕ್ಷಕರ ಪಟ್ಟಿ ಕಳಸಾಂವ ನಾನೇ" ಎಂದರು. ಶಾಲೆಯಲ್ಲಿ ಯಾವ ಭೇದವೂ ನಡೆದಿಲ್ಲವೆಂಬ ಹೇಳಿಕೆಯನ್ನು ಟೈಪ್ ಮಾಡಿಸಿ ಕೊಟ್ಟಿದ್ದಾರೆ. ನಾನು ಸಹಿ ಹಾಕಿ ಇಲ್ಲಿನ ಶಿಕ್ಷಣಾಧಿಕಾರಿ ಕಚೇರಿಗೆ ಮುಟ್ಟಿಸಬೇಕಂತೆ.

ಅತ್ತೆಗೆ ಅರ್ಜಿ ಬರೆದವಳು ನಾನೆಂದು ಗೊತ್ತಿಲ್ಲ. ನಿನ್ನೆ ನನ್ನ ತಲೆಗೆ ಎಣ್ಣೆ ಹಚ್ಚುತ್ತ, "ನಾ ಹೊಡದೇನೇನು, ಬೈದೇನೇನು? ಹಾಕಿದ್ದು ಅದೇ ಅನ್ನ. ನೀ ಅಲ್ಲೇ ಇರ್ತಿ, ನೀ ಒಂದು ಮಾತು ಹೇಳಿದ್ರ ಸಾಕು" ಎಂದರು. ಅದು ನನ್ನ ಬಾಣಂತನ ಮಾಡಿದ ಕೈ. ಶಾಲೆಯ ಆ ಒಲೆಯ ಮುಂದೆ ಹದಿನೆಂಟು ವರ್ಷ ನಿಂತು ನಿಮ್ಮನ್ನು ಓದಿಸಿದವರು ಅವರು. ನಾನು ಹೂಂ ಎಂದೆ. ಯಾವುದಕ್ಕೆ ಹೂಂ ಎಂದೆನೋ ನನಗೇ ತಿಳಿಯದು. ಅವರ ಕೆಲಸ, ನನ್ನ ಕೆಲಸ, ಆ ಹುಡುಗಿಯ ಓದು ಎಲ್ಲವೂ ಒಂದೇ ಸಹಿಯಲ್ಲಿ ಸಿಕ್ಕಿಕೊಂಡಿವೆ. ಯಾವ ಕಡೆ ತಿರುಗಿದರೂ ನಮ್ಮ ಮನೆಯ ಗೋಡೆಯೇ ಎದುರಾಗುತ್ತದೆ.

ನಿಮ್ಮ ಜೊತೆಯವರಿಗೆಲ್ಲ ನಮಸ್ಕಾರ ಹೇಳಿ. ಹೊತ್ತಿಗೆ ಸರಿಯಾಗಿ ಉಣ್ಣಿ.

ನಿಮ್ಮ
ಯಶೋದಾ

ತಾ.ಕ.: ಬಸ್ಸು ಬಂತು. ಕಚೇರಿಗೆ ಹೋಗಿ ಬಂದಮೇಲೆಯೇ ಇದನ್ನು ಬರೆಯಲು ಕೂತದ್ದು. ಟೈಪ್ ಮಾಡಿದ್ದಕ್ಕೆ ಅಡ್ಡಗೀಟು ಹಾಕಿ, ನಾನು ಕಂಡದ್ದನ್ನು ಕೆಳಗೆ ಬರೆದು ಸಹಿ ಮಾಡಿ ಕೊಟ್ಟುಬಿಟ್ಟೆ. ಸ್ವೀಕೃತಿ ಚೀಟಿ ಪರ್ಸಿನಲ್ಲಿದೆ. ಈ ಕಾಗದ ನಿಮಗೆ ತಲುಪುವ ಮೊದಲೇ ಅತ್ತೆಗೆ ನಾನೇ ಹೇಳಿರುತ್ತೇನೆ. ನಾನು ಆ ಮನೆಯಲ್ಲಿ ಇರಬೇಕೋ ಬೇಡವೋ ಎಂದು ಅವರು ನಿಮ್ಮನ್ನೇ ಕೇಳುತ್ತಾರೆ. ಏನು ಹೇಳುತ್ತೀರಿ?