ಬಾಗಿಲು ನಂಬರ್ 40/9

ಫೆಬ್ರುವರಿ 3, ಮಂಗಳವಾರ. ಬೆಳಿಗ್ಗೆ 6.10

ಬಾತ್‌ರೂಮಿನ ಸಾಲಿನಲ್ಲಿ ನನ್ನ ಬಕೆಟ್ ಆರನೆಯದು. ಒಂಬತ್ತಕ್ಕೆ ಸ್ಟ್ಯಾಟಿಸ್ಟಿಕ್ಸ್ ಟೆಸ್ಟ್. ಏನೂ ಓದಿಲ್ಲ. ಅಲ್ಲ, ಓದಿದ್ದೇನೆ, ಏನೂ ನೆನಪಿಲ್ಲ.

ನಿನ್ನೆ ಸಂಜೆ ಹಾಸ್ಟೆಲ್ ವಾರ್ಡನ್ ವೋಟರ್ ಲಿಸ್ಟಿನ ಒಂದು ಶೀಟ್ ಕಳಿಸಿದರು. ಹದಿನೆಂಟು ತುಂಬಿದವರೆಲ್ಲ ಹೆಸರು, ರೂಮ್ ನಂಬರ್, ಸೈನ್. ಎರಡು ನಿಮಿಷದ ಕೆಲಸ. ಐ ಆ್ಯಮ್ ಎ ವೋಟರ್. ಏನೂ ಅನ್ನಿಸಲಿಲ್ಲ.

ಈಗಷ್ಟೇ ಅಜ್ಜಿಯ ಫೋನ್. ಕೆಲಸಕ್ಕೆ ಹೊರಟಿದ್ದಳು — ಹಲ್ಲಿನ ಡಾಕ್ಟರ ಕ್ಲಿನಿಕ್, ನೆಲ ಒರೆಸುವುದು, ಹದಿನಾಲ್ಕು ವರ್ಷದಿಂದ. “ಪುಟ್ಟೀ, ನಮ್ಮ ಗೋಡೆಗೆ ಏನೋ ಅಂಟಿಸಿ ಹೋಗಿದಾರೆ. ವೋಟಿನ ವಿಷಯವಂತೆ. ಟೈಲರ್ ಅಷ್ಟುದ್ದ ಓದಿ, ಅಕ್ಷರ ಗೊತ್ತಾಯ್ತು, ಮಾತು ಗೊತ್ತಾಗ್ಲಿಲ್ಲ ಅಂದ. ಭಾನುವಾರ ಬಾ. ನಿನಗೆ ಇಂಗ್ಲಿಷೂ ಬರುತ್ತೆ.”

ಇಂಗ್ಲಿಷ್ ಬಂದರೆ ಎಲ್ಲ ಬಂದ ಹಾಗೆ ಅವಳಿಗೆ.

ಬಕೆಟ್ ನಾಲ್ಕನೆಯದಾಯಿತು.

ಫೆಬ್ರುವರಿ 8, ಭಾನುವಾರ. ಮಧ್ಯಾಹ್ನ 3

ವಠಾರದಲ್ಲಿದ್ದೇನೆ. ಅಜ್ಜಿಯ ಟ್ರಂಕಿನ ಮೇಲೆ ಕೂತು ಬರೆಯುತ್ತಿದ್ದೇನೆ.

ಮುಚ್ಚಿಹೋದ ಐಸ್ ಫ್ಯಾಕ್ಟರಿಯ ಹಿಂಗೋಡೆಗೆ ಒರಗಿಕೊಂಡು ಹದಿನೆಂಟು ತಗಡಿನ ಬಾಗಿಲು. ಒಂದು ನಲ್ಲಿ, ಒಂದು ಕಕ್ಕಸು. ಗೇಟಿನಲ್ಲಿ ಒಂದು ಅಂಚೆಪೆಟ್ಟಿಗೆ. ಒಂದೇ ಕರೆಂಟ್ ಮೀಟರು, ಅದೂ ಫ್ಯಾಕ್ಟರಿ ಓನರ ಹೆಸರಿನಲ್ಲಿ. ಫ್ಯಾಕ್ಟರಿಯ ನಂಬರ್ ನಲವತ್ತು. ಹಾಗಾಗಿ ಎಲ್ಲರೂ ನಲವತ್ತು. ಎಲ್ಲರ ಗುರುತಿನ ಚೀಟಿಯಲ್ಲೂ ಅದೇ. ಎಂಟು ವರ್ಷಕ್ಕೆ ನನ್ನನ್ನು ಹಾಸ್ಟೆಲಿಗೆ ಸೇರಿಸಿದರಲ್ಲ, ಅಲ್ಲಿಂದ ಅಜ್ಜಿಗೆ ಬರೆದ ಕಾಗದಗಳೂ ಬರೀ “ಅಜ್ಜಿ, ನಂ. 40”. ಬಂದು ಸೇರುತ್ತಿದ್ದವು.

ನೋಟಿಸ್ ಮೂರು ಸಲ ಓದಿದೆ. ಹಳೇ ಪಟ್ಟಿ ರದ್ದು. ಪ್ರತಿಯೊಬ್ಬರೂ ಗುರುತಿನ ಚೀಟಿ ತೋರಿಸಿ ಹೊಸದಾಗಿ ಅರ್ಜಿ ಹಾಕಬೇಕು, ಇಲ್ಲದಿದ್ದರೆ ಹೆಸರು ತೆಗೆಯುತ್ತಾರೆ. ಒಂದೇ ಮನೆ ನಂಬರಿನಲ್ಲಿ ಹತ್ತಕ್ಕಿಂತ ಹೆಚ್ಚು ಮತದಾರರಿದ್ದರೆ “ವಿಶೇಷ ಪರಿಶೀಲನೆ”.

ಎಣಿಸಿದೆ. ನಲವತ್ತನೇ ನಂಬರಿನಲ್ಲಿ ನಲವತ್ಮೂರು ಜನ. ಪ್ಯಾನಿಕ್.

“ಪರಿಶೀಲನೆ ಅಂದ್ರೆ?” ಆಯಾ ಅತ್ತೆ ಕೇಳಿದಳು. ಅದೇ ಸಾಲಿನ ಬಾಗಿಲು, ಆಸ್ಪತ್ರೆಯಲ್ಲಿ ಆಯಾ ಕೆಲಸ.

“ಸುಳ್ಳು ಹೆಸರುಗಳು ಅಂತ ಅನುಮಾನ ಅತ್ತೆ.”

“ಬಂದು ನೋಡ್ಲಿ. ನಲವತ್ಮೂರು ಜನಾನೂ ಬೆಳಿಗ್ಗೆ ಡಬ್ಬ ಹಿಡ್ಕೊಂಡು ಒಂದೇ ಬಾಗಿಲ ಮುಂದೆ ನಿಂತಿರ್ತೀವಿ. ಅಷ್ಟು ಚೆನ್ನಾಗಿ ಸುಳ್ಳು ಹೇಳೋಕೆ ಯಾರಿಂದಾಗುತ್ತೆ?”

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಆಗಲೇ ಆ ಐಡಿಯಾ ಬಂದದ್ದು. ಬಾಗಿಲಿಗೊಂದು ನಂಬರ್ ಕೊಟ್ಟರೆ? 40/1, 40/2... ಆಗ ಯಾವ ಮನೆಯಲ್ಲೂ ನಾಲ್ಕಕ್ಕಿಂತ ಹೆಚ್ಚಿಲ್ಲ. ಪ್ರಾಬ್ಲಮ್ ಸಾಲ್ವ್ಡ್. ಸೀಮೆಸುಣ್ಣ ತಂದು ನಾನೇ ಬರೆದೆ, ಬಾಗಿಲಿನಿಂದ ಬಾಗಿಲಿಗೆ. ಎಲ್ಲರೂ ಹಿಂದೆಯೇ ಬಂದರು, ಏನೋ ಉದ್ಘಾಟನೆ ನಡೆದಂತೆ. ಆಯಾ ಅತ್ತೆಗೆ ಹದಿಮೂರು ಬಂತು. “ನಮ್ಮ ವಾರ್ಡಲ್ಲಿ ಹದಿಮೂರನೇ ಬೆಡ್ಡಿಂದ ಒಬ್ರೂ ನಡ್ಕೊಂಡು ಹೋಗಿಲ್ಲ. ಬೇರೆ ಕೊಡು.” 12ಎ ಕೊಟ್ಟೆ.

ಟೈಲರ್ ಮಾವ ಮಾತ್ರ ಬರೆಸಿಕೊಳ್ಳಲಿಲ್ಲ. ಮಷಿನ್ ತುಳಿಯುತ್ತಲೇ ಹೇಳಿದ. “ಚೀಟೀಲಿ ನಲವತ್ತಿದೆ. ನಾನೂ ನನ್ನ ಹೆಂಡ್ತೀನೂ ನಲವತ್ತೇ ಬರ್ಕೋತೀವಿ. ಕೊಟ್ಟ ಸ್ಯಾಂಪಲ್ ಅಂಗಿ ಹೇಗಿದ್ಯೋ ಹಾಗೇ ಹೊಲಿಯೋದಮ್ಮಾ ನನ್ನ ಕೆಲಸ.”

“ಪರಿಶೀಲನೆಗೆ ಬರ್ತಾರೆ ಮಾವ.”

“ಬರ್ಲಿ. ನಾನೆಲ್ಲಿಗೆ ಹೋಗ್ತೀನಿ? ಇಲ್ಲೇ ಕೂತಿರ್ತೀನಲ್ಲ.”

ಹಠಮಾರಿ ಅಂದುಕೊಂಡೆ.

ಅಜ್ಜಿಗೆ ಒಂಬತ್ತು. ಎರಡು ಸಲ ಹೊರಗೆ ಹೋಗಿ ನೋಡಿ ಬಂದಳು. “ನಲವತ್ತು ಗೀಟು ಒಂಬತ್ತು. ಈಗ ನಂದೂ ಒಂದು ಮನೆ ಅನ್ನಿಸ್ತಿದೆ ನೋಡು.”

ಫೆಬ್ರುವರಿ 15, ಭಾನುವಾರ

ನಲವತ್ತೊಂದು ಅರ್ಜಿ. ಎಲ್ಲಾ ಒಂದೇ ನೀಲಿ ಜೆಲ್ ಪೆನ್ನು. ಒಂದೂ ಚಿತ್ತಿಲ್ಲ. ಕಡೆಯಲ್ಲಿ “ಅರ್ಜಿ ಬರೆದುಕೊಟ್ಟವರ ಹೆಸರು” ಅಂತ ಒಂದು ಸಾಲಿತ್ತು, ಐಚ್ಛಿಕ ಅಂತ ಕಂಸದಲ್ಲಿ. ಖಾಲಿ ಬಿಟ್ಟೆ. ಯಾಕೆ ಬಿಟ್ಟೆ? ಗೊತ್ತಿಲ್ಲ. ಸ್ಕೂಲಿನಿಂದಲೂ ಹಾಗೇ, ಬರೆಯಲೇಬೇಕು ಅಂತಿಲ್ಲದ ಕಡೆ ಹೆಸರು ಬರೆಯುವವಳಲ್ಲ.

ಅಜ್ಜಿ ಹೆಬ್ಬೆಟ್ಟು ಒತ್ತಲಿಲ್ಲ. ನಾನು ಹತ್ತು ವರ್ಷದವಳಿದ್ದಾಗ ರಜೆಯಲ್ಲಿ ಕಲಿಸಿದ್ದ ಸೈನು. ನಾಲ್ಕು ಅಕ್ಷರಕ್ಕೆ ಒಂದು ನಿಮಿಷ. ಬರೆಯುವಾಗ ನಾಲಿಗೆ ಹೊರಗೆ.

ಮತ್ತೆ ಅದೇ ಕಥೆ ಹೇಳಿದಳು. ಹೋದ ಸಲದ ವೋಟಿಗೆ ಡಾಕ್ಟರು ಸಾಲಿನಲ್ಲಿ ಅವಳ ಹಿಂದೆ ನಿಂತಿದ್ದರಂತೆ. “ದಿನಾ ನಾನು ಅವರಿಗೆ ಕಾಯ್ತೀನಿ. ಅವತ್ತು ಅವರು ನನಗೆ ಕಾದ್ರು. ಒಳಗೆ ಹೋದೋಳು ಬೇಕಂತ್ಲೇ ಸ್ವಲ್ಪ ನಿಧಾನ ಮಾಡ್ದೆ.”

ನೂರನೇ ಸಲ ಕೇಳುತ್ತಿದ್ದೇನೆ. ಆದರೂ ಆ “ನಿಧಾನ”ದ ಹತ್ತಿರ ಬಂದಾಗ ಅವಳ ಮುಖ ನೋಡಬೇಕು.

ಮಾರ್ಚ್ 8, ಭಾನುವಾರ. ಸಂಜೆ

ಅಂಚೆಪೆಟ್ಟಿಗೆ ತುಂಬಿ ಕೆಳಗೆ ಬಿದ್ದಿದ್ದವಂತೆ. ನಲವತ್ತೊಂದು ಲಕೋಟೆ. ನಲವತ್ತೊಂದರಲ್ಲೂ ಒಂದೇ ಸಾಲು —

“ಅರ್ಜಿಯಲ್ಲಿನ ಮನೆ ಸಂಖ್ಯೆ ಗುರುತಿನ ಚೀಟಿಯಲ್ಲಿನ ಸಂಖ್ಯೆಯೊಂದಿಗೆ ತಾಳೆಯಾಗದ ಕಾರಣ ತಿರಸ್ಕರಿಸಲಾಗಿದೆ.”

ಚೀಟಿಯಲ್ಲಿ 40. ಅರ್ಜಿಯಲ್ಲಿ 40/9.

ಓದಿದೆ. ಆ ಗೀಟು ಎಳೆದವಳು ನಾನು.

ಟೈಲರ್ ಮಾವನ ಮನೆಯ ಎರಡೂ ಪಾಸು. ಪರಿಶೀಲನೆಗೆ ಒಬ್ಬ ಬಂದಿದ್ದನಂತೆ, ಬೆಳಿಗ್ಗೆ ಹನ್ನೊಂದಕ್ಕೆ. ಎಲ್ಲರೂ ಕೆಲಸಕ್ಕೆ ಹೋಗಿರುವ ಹೊತ್ತು. ಮಷಿನ್ ಮುಂದೆ ಕೂತ ಇವನನ್ನೂ ಹೆಂಡತಿಯನ್ನೂ ನೋಡಿ, ಗುರುತು ಹಾಕಿಕೊಂಡು ಹೋದನಂತೆ. ಅಷ್ಟೇ ಪರಿಶೀಲನೆ.

ಯಾರೂ ನನ್ನನ್ನು ಬೈಯಲಿಲ್ಲ. ಅದೇ ಕಷ್ಟ. “ಮಗು ಮುತ್ತು ಪೋಣಿಸಿದ ಹಾಗೆ ಬರೆದಿತ್ತು, ಆ ಆಫೀಸಿನೋರ ಕಣ್ಣಿಗೇನಾಗಿತ್ತೋ” ಅಂದಳು ಆಯಾ ಅತ್ತೆ. ಟೈಲರ್ ಮಾವ ನನ್ನನ್ನೊಮ್ಮೆ ನೋಡಿ, ಸೂಜಿಗೆ ದಾರ ಪೋಣಿಸತೊಡಗಿದ.

ಮಾರ್ಚ್ 9, ಸೋಮವಾರ

ಕ್ಲಾಸ್ ಬಂಕ್. ಅಜ್ಜಿ ಅರ್ಧ ದಿನ ರಜೆ ಕೇಳಿದ್ದಳು. ಚುನಾವಣಾ ಆಫೀಸಿಗೆ ಇಬ್ಬರೇ ಹೋದೆವು. ಕೌಂಟರ್ ನಾಲ್ಕು. ಗುಮಾಸ್ತರು ಕೆಟ್ಟವರಲ್ಲ. ಕನ್ನಡಕ ಹಣೆಗೇರಿಸಿ ಅರ್ಜಿಗಳ ಕಟ್ಟನ್ನೇ ತೆಗೆದು ನೋಡಿದರು.

“ಎಲ್ಲಾ ಒಂದೇ ಕೈಬರಹ. ಈ ನಂಬರ್ ಎಲ್ಲಿಂದ ಬಂತು? ನಮ್ಮ ರಿಜಿಸ್ಟರಲ್ಲೇ ಇಲ್ವಲ್ಲ.”

ಬ್ಯಾಗಿನ ಜಿಪ್ ಎಳೆದೆ. ನೀಲಿ ಪೆನ್ನು ಒಳಗಿತ್ತು.

“ನೋಡಿ, ಎರಡು ದಾರಿ. ಒಬ್ಬೊಬ್ಬರೂ ಆಫೀಸ್ ಟೈಮಲ್ಲಿ ಬಂದು ಬಾಡಿಗೆ ಕರಾರೋ ಕರೆಂಟ್ ಬಿಲ್ಲೋ ತೋರಿಸ್ಬೇಕು. ಇಲ್ಲಾ, ಇದನ್ನ ಬರೆದವರು ಬಂದು, ನಂಬರ್ ನಾನು ತಪ್ಪಾಗಿ ಹಾಕ್ದೆ ಅಂತ ಹೇಳಿಕೆ ಕೊಟ್ರೆ ನಲವತ್ತೊಂದನ್ನೂ ಒಂದೇ ದಿನದಲ್ಲಿ ತಿದ್ದಿಬಿಡ್ತೀವಿ. ಶುಕ್ರವಾರ ಐದು ಗಂಟೆ ಕೊನೆ. ಯಾರು ಬರೆದಿದ್ದು?”

ಅಜ್ಜಿ ಬಾಯಿ ತೆರೆದಳು. ನನಗೆ ಗೊತ್ತು, ಹೆಮ್ಮೆಯಿಂದಲೇ ಹೇಳುವವಳಿದ್ದಳು. ನಾನು ಅವಳ ಮೊಣಕೈ ಹಿಡಿದೆ. ಸುಮ್ಮನೆ ಹಿಡಿದದ್ದಲ್ಲ, ಒತ್ತಿದೆ.

“ಯಾರೋ ಕಾಲೇಜಿನೋರು ಬಂದಿದ್ರು ಸಾರ್” ಅಂದಳು ಅಜ್ಜಿ. “ಹೆಸರು ಗೊತ್ತಿಲ್ಲ.”

ಗುಮಾಸ್ತರು ಒಂದು ಖಾಲಿ ಫಾರಂ ಕೊಟ್ಟರು. “ಸಿಕ್ಕಿದ್ರೆ ಇದನ್ನ ತುಂಬಿಸ್ಕೊಂಡು ಬನ್ನಿ.”

ಬಸ್ಸಿನಲ್ಲಿ ಅಜ್ಜಿ ಕಿಟಕಿಯ ಕಡೆ ನೋಡುತ್ತ ಹೇಳಿದಳು. “ಹೆಸರು ಕೇಳೋದು ಯಾವಾಗ್ಲೂ ಒಳ್ಳೇದಕ್ಕಲ್ಲ. ನೀನು ಓದೋ ಹುಡುಗಿ. ಸುಮ್ನಿರು.”

ಮೊಣಕೈ ಉಜ್ಜಿಕೊಳ್ಳುತ್ತಿದ್ದಳು.

ಮಾರ್ಚ್ 12, ಗುರುವಾರ

ಫಾರಮಿನ ಅಡಿಯಲ್ಲಿ ಸಣ್ಣಕ್ಷರ. “ಸುಳ್ಳು ಮಾಹಿತಿ ನೀಡಿರುವುದು ಕಂಡುಬಂದಲ್ಲಿ ಒಂದು ವರ್ಷದವರೆಗೆ ಸೆರೆವಾಸ.” ನಾನು ಕೊಟ್ಟದ್ದು ಸುಳ್ಳೋ ತಪ್ಪೋ? ಇಲ್ಲದ ನಂಬರ್ ಹುಟ್ಟಿಸಿದೆ. ನಲವತ್ತೊಂದು ಸಲ.

ಸ್ಕಾಲರ್‌ಶಿಪ್ ಲೆಟರ್ ತೆಗೆದು ನೋಡಿದೆ. “ವಿದ್ಯಾರ್ಥಿಯ ವಿರುದ್ಧ ಯಾವುದೇ ಪ್ರಕರಣ ದಾಖಲಾದಲ್ಲಿ ರದ್ದಾಗುವುದು.” ಹನ್ನೊಂದು ಸಲ ಓದಿದೆ. ಹೇಳಿಕೆ ಅಂದರೆ ಪ್ರಕರಣವಾ? ಯಾರನ್ನು ಕೇಳಲಿ? ವಾರ್ಡನ್‌ರನ್ನು ಕೇಳಿದರೆ ಯಾಕೆ ಅಂತ ಕೇಳುತ್ತಾರೆ. ಗುಮಾಸ್ತರು ಅಷ್ಟು ಹಗುರಾಗಿ ಹೇಳಿದರಲ್ಲ, ಏನೂ ಆಗಲಿಕ್ಕಿಲ್ಲ. ಹಗುರಾಗಿ ಹೇಳಿದ್ದೇ ಹಿಡಿಯುವುದಕ್ಕಿದ್ದರೆ?

ಊಟ ಸೇರಲಿಲ್ಲ. ರೂಮ್‌ಮೇಟ್ “ಲವ್ವಾ?” ಅಂದಳು. ಹೌದು ಅಂದುಬಿಟ್ಟೆ.

ಮಾರ್ಚ್ 13, ಶುಕ್ರವಾರ. ಸಂಜೆ 5.40

ಮೂರಕ್ಕೇ ಹೋದೆ. ಫಾರಂ ಪೂರ್ತಿ ತುಂಬಿಸಿದ್ದೆ, ಹೆಸರೊಂದು ಬಿಟ್ಟು. ಕೌಂಟರ್ ನಾಲ್ಕರ ಎದುರಿನ ಬೆಂಚು. ಜನ ಬಂದರು, ಹೋದರು. ನನ್ನ ಸರದಿ ಬಂದಾಗಲೆಲ್ಲ ಹಿಂದಿನವರಿಗೆ ಬಿಟ್ಟುಕೊಟ್ಟೆ. ಕೊನೆಗೆ ಬಿಟ್ಟುಕೊಡಲು ಯಾರೂ ಉಳಿಯಲಿಲ್ಲ.

ಗುಮಾಸ್ತರು ನೋಡಿದರು. “ಏನಮ್ಮಾ?”

ಎದ್ದೆ. ಕೌಂಟರಿನವರೆಗೂ ಹೋದೆ.

“ಸಾರ್, ಟಾಯ್ಲೆಟ್ ಎಲ್ಲಿದೆ?”

ಕೈ ತೋರಿಸಿದರು. ಹೋಗಿ ಬಾಗಿಲು ಹಾಕಿಕೊಂಡು ನಿಂತೆ. ಬರುವಷ್ಟರಲ್ಲಿ ಶಟರ್ ಎಳೆದಿತ್ತು.

ಮಾರ್ಚ್ 22, ಭಾನುವಾರ

ಹೋದ ವಾರ ವಠಾರಕ್ಕೆ ಹೋಗಲಿಲ್ಲ. ಜ್ವರ ಅಂದೆ. ಇವತ್ತು ಹೋದೆ.

ಆರು ಜನ ಕೆಲಸ ಬಿಟ್ಟು ಆ ಆಫೀಸಿಗೆ ಹೋಗಿ ಬಂದಿದ್ದಾರೆ, ಕೊನೇ ದಿನಕ್ಕೂ ಮುಂಚೆ. ಕರಾರು ಇಲ್ಲ, ಬಿಲ್ಲು ಇಲ್ಲ. ಬರಿಗೈ. ಆಯಾ ಅತ್ತೆ ಎರಡು ಪಾಳಿ ಕಳೆದುಕೊಂಡಳು. “ಪರವಾಗಿಲ್ಲ ಬಿಡು” ಅಂದಳು, “ಆಸ್ಪತ್ರೇಲಿ ಬದುಕಿದೋರಿಗೂ ಸತ್ತೋರಿಗೂ ಸರ್ಟಿಫಿಕೇಟ್ ಇದೆ. ನಾವು ಮಧ್ಯದೋರು.”

ಬಾಗಿಲುಗಳ ಮೇಲೆ ನಂಬರ್ ಇನ್ನೂ ಇವೆ. ಕೆಲವು ಮಸುಕಾಗಿವೆ. ಅಜ್ಜಿಯದು ಮಾತ್ರ ಬೆಳ್ಳಗೆ. ಅವಳೇ ಮೇಲೆ ಮೇಲೆ ತಿದ್ದಿದ್ದಾಳೆ. ಒಂಬತ್ತರ ಹೊಟ್ಟೆ ಸ್ವಲ್ಪ ದೊಡ್ಡದಾಗಿದೆ.

ಏಪ್ರಿಲ್ 9, ಗುರುವಾರ. ಮಧ್ಯಾಹ್ನ

ವೋಟಿನ ದಿನ. ನನ್ನದು ಕಾಲೇಜಿನಲ್ಲೇ. ಏಳೂವರೆಗೆ ಮುಗಿಯಿತು. ಬೆರಳಿಗೆ ಶಾಯಿ. ವಠಾರಕ್ಕೆ ಹೋಗುವ ಮುಂಚೆ ಸೋಪು ಹಾಕಿ ತಿಕ್ಕಿದೆ. ಕಲೆ ಹೋಗಲಿಲ್ಲ.

ಅಜ್ಜಿ ಹೊರಟು ನಿಂತಿದ್ದಳು. ಇಸ್ತ್ರಿ ಮಾಡಿಸಿದ ಸೀರೆ. ಪ್ಲಾಸ್ಟಿಕ್ ಕವರಿನಲ್ಲಿ ಹಳೇ ಗುರುತಿನ ಚೀಟಿ.

“ಅಜ್ಜಿ, ಹೆಸರಿಲ್ಲ. ಬೇಡ.”

“ಹೋಗಿ ನೋಡೋದ್ರಲ್ಲೇನು? ಆರು ಸಲ ಅಲ್ಲೇ ಹಾಕಿದೀನಿ. ಮುಖ ನೋಡಿದ್ರೆ ಗುರುತು ಹಿಡೀತಾರೆ.”

ಆಯಾ ಅತ್ತೆ ಬಾಗಿಲಲ್ಲೇ ಕೂಗಿದಳು. “ಟೈಲರೇ, ನೀನು ಹೋದಾಗ ನಮ್ಮೆಲ್ಲರದೂ ಸೇರಿಸಿ ಒತ್ತಿ ಬಾ.” ಟೈಲರ್ ಮಾವ ನಗಲಿಲ್ಲ.

ಸಾಲಿನಲ್ಲಿ ನಾನೂ ಅವಳ ಪಕ್ಕ ನಿಂತೆ. ಮುಕ್ಕಾಲು ಗಂಟೆ. ಹಿಂದೆ ತಿರುಗಿ ನೋಡಿದವಳು ನನ್ನನ್ನು ತಿವಿದಳು. ಮೂರು ಜನ ಬಿಟ್ಟು ಡಾಕ್ಟರು. ಅವಳ ಮುಖದಲ್ಲಿ ಆ ನಗು.

ಮೇಜಿನ ಹುಡುಗಿ ಪಟ್ಟಿಯ ಮೇಲೆ ಬೆರಳಾಡಿಸಿದಳು. ಮೇಲಿನಿಂದ ಕೆಳಗೆ. ಮತ್ತೊಮ್ಮೆ.

“ನಿಮ್ಮ ಹೆಸರಿಲ್ಲ ಅಜ್ಜಿ.”

“ಸರಿಯಾಗಿ ನೋಡಮ್ಮಾ. ನಲವತ್ತು ಗೀಟು ಒಂಬತ್ತು.”

“ಅಂಥ ಮನೇನೇ ಇಲ್ಲ ಅಜ್ಜಿ.”

“ಇದೆ. ಬಾಗಿಲ ಮೇಲೆ ಬರೆದಿದೆ. ಬಂದು ನೋಡು ಬೇಕಾದ್ರೆ. ನಮ್ಮ ಮೊಮ್...” ಅಲ್ಲಿಗೆ ನಿಲ್ಲಿಸಿದಳು. ಮೊಣಕೈಯನ್ನು ಈ ಸಲ ನಾನು ಹಿಡಿದಿರಲಿಲ್ಲ.

ಹಿಂದಿನವರು ಗೊಣಗತೊಡಗಿದರು. ಚೀಟಿಯನ್ನು ಮತ್ತೆ ಕವರಿಗೆ ಹಾಕಲು ಅವಳಿಗೆ ತುಂಬಾ ಹೊತ್ತು ಹಿಡಿಯಿತು. ಬೇಕಂತಲೇ ಮಾಡಿದ ನಿಧಾನವಲ್ಲ.

ಡಾಕ್ಟರ ಪಕ್ಕ ಹಾದು ಬರುವಾಗ ಅವರು ಪ್ರೀತಿಯಿಂದಲೇ ಹೇಳಿದರು. “ಇಷ್ಟು ಬೇಗ ಮುಗೀತಾ? ಒಳ್ಳೇದಾಯ್ತು. ಎರಡು ಗಂಟೆಗೆ ಪೇಷೆಂಟ್ ಇದಾರೆ, ಹಾಗೇ ಹೋಗಿ ಕ್ಲಿನಿಕ್ ತೆಗೆದು ಒಂದು ಸಲ ಒರೆಸಿಬಿಡು.”

ಕೀ ಕೊಟ್ಟರು. ತಗೊಂಡಳು.

ರಸ್ತೆಗೆ ಬಂದ ಮೇಲೆ ನನ್ನ ಕೈ ಹಿಡಿದು ಬೆರಳು ನೋಡಿದಳು. ಶಾಯಿಯನ್ನು ಹೆಬ್ಬೆರಳಿನಿಂದ ಸವರಿದಳು. “ನಮ್ಮ ಮನೆಯಿಂದ ಒಬ್ಳಾದ್ರೂ ಹಾಕಿದ್ಯಲ್ಲ. ಸಾಕು.”

ಏಪ್ರಿಲ್ 10, ಶುಕ್ರವಾರ. ಬೆಳಿಗ್ಗೆ 6.20

ನನ್ನ ಬಕೆಟ್ ಎಂಟನೆಯದು.

ನಿನ್ನೆ ಪೂರ್ತಿ ಬರೆಯಲಿಲ್ಲ. ಕ್ಲಿನಿಕ್ಕಿಗೆ ನಾನೂ ಹೋದೆ. ಅಜ್ಜಿ ಒರೆಸಿದಳು, ನಾನು ನೀರು ಬದಲಿಸಿದೆ. ಬಟ್ಟೆ ಹಿಂಡುತ್ತ, ನನ್ನ ಕಡೆ ನೋಡದೆ ಹೇಳಿದಳು.

“ಟೈಲರ್ ಹೇಳ್ದ. ಆ ಶುಕ್ರವಾರ ಆಫೀಸಿನ ಜವಾನಂಗೆ ಯೂನಿಫಾರಂ ಕೊಡೋಕೆ ಹೋಗಿದ್ನಂತೆ. ನೀನು ಬೆಂಚಿನ ಮೇಲೆ ಕೂತಿದ್ಯಂತೆ.”

ಬಕೆಟ್ ಕೈಯಲ್ಲೇ ಇತ್ತು.

“ಎಷ್ಟು ಹೊತ್ತು ಕೂತಿದ್ದೆ?”

“ಎರಡು ಗಂಟೆ.”

ಮೂಲೆಯವರೆಗೂ ಒರೆಸಿಕೊಂಡು ಹೋಗಿ ತಿರುಗಿ ಬಂದಳು.

“ಮಧ್ಯಾಹ್ನ ಏನಾದ್ರೂ ತಿಂದಿದ್ಯಾ ಅವತ್ತು?”

ಇನ್ನೇನೂ ಕೇಳಲಿಲ್ಲ. ಬೈದಿದ್ದರೆ...

ಆ ಫಾರಂ ಇನ್ನೂ ಬ್ಯಾಗಿನಲ್ಲಿದೆ. ತಾರೀಕು ಮುಗಿದು ತಿಂಗಳಾಗುತ್ತ ಬಂತು, ಈಗ ಯಾವ ಕೌಂಟರೂ ತಗೊಳ್ಳುವುದಿಲ್ಲ. ಆದರೂ ತೆಗೆದೆ. ಬಕೆಟ್‌ಗಳ ಪಕ್ಕ, ನೆಲದ ಮೇಲೆ ಕೂತು, ಅದೇ ನೀಲಿ ಪೆನ್ನು. ಒಂದೇ ಸಾಲು ಬಾಕಿ. ಬರೆದುಕೊಟ್ಟವರ ಹೆಸರು —